ಪೀತಜ್ವರ ಮತ್ತು ಹನ್ನೆರಡು ದಿನಗಳ ಲೆಕ್ಕ

ಸ್ಪೇನಿನ ಆಳ್ವಿಕೆಯಲ್ಲಿದ್ದ ಕ್ಯೂಬಾದ ಹವಾನಾ ನಗರದ ವಿಜ್ಞಾನ ಅಕಾಡೆಮಿಯಲ್ಲಿ 1881ನೆಯ ಇಸವಿಯ ಆಗಸ್ಟ್ 14ರಂದು ವೈದ್ಯನಾದ ಕಾರ್ಲೋಸ್ ಫಿನ್ಲೇ ಒಂದು ಪ್ರಬಂಧವನ್ನೋದಿದನು. ಹಳದಿ ಜ್ವರವೆಂದೂ ಹೆಸರುಳ್ಳ ಪೀತಜ್ವರವನ್ನು ಒಬ್ಬರಿಂದೊಬ್ಬರಿಗೆ ಸಾಗಿಸುವುದು ಸೊಳ್ಳೆಯೆಂಬುದು ಅದರ ಸಾರ. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಿಯನ್ನು ಕಂಡುದು 1897ರಲ್ಲಿ. ಅದಕ್ಕೂ 16 ವರ್ಷ ಹಿಂದಿನ ಮಾತಿದು. ಫಿನ್ಲೇ ಗುರುತಿಸಿದ ಸೊಳ್ಳೆ, ಈಗ ಈಡಿಸ್ ಈಜಿಪ್ಟೈ ಎನಿಸಿಕೊಂಡಿರುವುದು, ಸರಿಯಾದ ಜಾತಿಯೇ ಆಗಿದ್ದಿತು. ಆದರೂ ಸುಮಾರು 20 ವರ್ಷ ವೈದ್ಯಲೋಕವು ಅವನ ಮಾತಿಗೆ ಕಿವಿಗೊಡಲಿಲ್ಲ.

ಇದನ್ನು ಪಂಡಿತರ ಹಠವೆಂದು ತಳ್ಳಿಹಾಕುವುದು ವಾಡಿಕೆ. ಹಠವೂ ಇದ್ದಿತು, ನಿಜ. ಆದರೆ ಫಿನ್ಲೇಯ ಪ್ರಯೋಗಗಳೇ ಅವನ ಕೈಹಿಡಿಯಲಿಲ್ಲವೆಂಬುದನ್ನು ಮರೆಯಲಾಗದು. ರೋಗಿಯನ್ನು ಕಚ್ಚಿದ ಸೊಳ್ಳೆಯನ್ನು ಕೆಲವೇ ದಿನಗಳಲ್ಲಿ ಆರೋಗ್ಯವಂತನ ಮೇಲೆ ಬಿಟ್ಟರೆ ಬಹುಮಟ್ಟಿಗೆ ಏನೂ ಆಗುತ್ತಿರಲಿಲ್ಲ. ಅಪರೂಪಕ್ಕೆ ಜ್ವರ ಬಂದರೂ, ಊರೆಲ್ಲ ಜ್ವರವಿದ್ದ ಹವಾನಾದಲ್ಲಿ ಅದು ಬೇರೆಡೆಯಿಂದ ತಗುಲಿತೆಂದು ಯಾರಾದರೂ ಹೇಳಬಹುದಾಗಿತ್ತು. ಸೊಳ್ಳೆಯನ್ನು ಕಂಡುಹಿಡಿದವನಿಗೆ ಕಾಲದ ಲೆಕ್ಕ ದೊರೆತಿರಲಿಲ್ಲ.

ಆ ಲೆಕ್ಕದ ಸುಳಿವು ದೊರೆತುದು ಪ್ರಯೋಗಶಾಲೆಯಲ್ಲಲ್ಲ, ಹಳ್ಳಿಗಾಡಿನಲ್ಲಿ. 1898ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಜ್ವರ ಕಾಣಿಸಿಕೊಂಡಾಗ ಹೆನ್ರಿ ಕಾರ್ಟರ್ ಎಂಬ ಆರೋಗ್ಯಾಧಿಕಾರಿಯು, ದೂರದೂರವಿದ್ದ ತೋಟದ ಮನೆಗಳಿಗೆ ಯಾರು ಯಾವ ದಿನ ಹೋಗಿಬಂದರೆಂಬುದನ್ನು ತಾಳ್ಮೆಯಿಂದ ವಿಚಾರಿಸಿ ಗುರುತುಹಾಕಿಕೊಂಡನು. ಮೊದಲ ರೋಗಿ ಮಲಗಿದ ಹೊಸದರಲ್ಲಿ ಬಂದವರಿಗೆ ಏನೂ ಆಗಲಿಲ್ಲ. ಎರಡು ವಾರ ಕಳೆದ ಮೇಲೆ ಬಂದವರು, ಅಷ್ಟರಲ್ಲಿ ರೋಗಿ ಅಲ್ಲಿಲ್ಲದಿದ್ದರೂ, ಜ್ವರಕ್ಕೆ ತುತ್ತಾದರು. ನಡುವಿನ ದಿನಗಳಲ್ಲಿ ರೋಗವು ಎಲ್ಲಿ ಅಡಗಿದ್ದಿತು?

ಅದೇ ವರ್ಷದ ಯುದ್ಧದ ತರುವಾಯ ಕ್ಯೂಬಾ ಅಮೆರಿಕದ ಸೈನ್ಯದ ವಶವಾಯಿತು. 1900ರಲ್ಲಿ ವಾಲ್ಟರ್ ರೀಡನ ನೇತೃತ್ವದ ಸೈನಿಕ ವೈದ್ಯಮಂಡಲಿಯು ಹವಾನಾಕ್ಕೆ ಬಂದಾಗ ಫಿನ್ಲೇ ತನ್ನ ಸೊಳ್ಳೆಯ ಮೊಟ್ಟೆಗಳನ್ನು ಉದಾರವಾಗಿ ಕೊಟ್ಟನು. ಆಗಸ್ಟ್ 27ರಂದು ಮಂಡಲಿಯ ಜೇಮ್ಸ್ ಕ್ಯಾರೊಲ್, 12 ದಿನ ಹಿಂದೆ ರೋಗಿಯ ರಕ್ತ ಹೀರಿದ್ದ ಸೊಳ್ಳೆಗೆ ತೋಳೊಡ್ಡಿ, ಸಾವಿನ ಅಂಚಿನಿಂದ ಹಿಂದಿರುಗಿದನು. ಅವನ ಜೊತೆಗಾರ ಜೆಸ್ಸಿ ಲಾಜಿಯರ್ ಸೆಪ್ಟೆಂಬರ್ 25ರಂದು ಇದೇ ಜ್ವರದಿಂದ ತೀರಿಕೊಂಡನು. ಲಾಜಿಯರನ ಹೆಸರಿಟ್ಟ ಶಿಬಿರದಲ್ಲಿ ರೋಗಿಗಳ ಹೊಲಸು ಬಟ್ಟೆಗಳ ನಡುವೆ 20 ರಾತ್ರಿ ಮಲಗಿದವರು ಆರೋಗ್ಯವಾಗಿಯೇ ಹೊರಬಂದರು. ಚೊಕ್ಕಟವಾದ ಕೋಣೆಯಲ್ಲಿ ಸೊಳ್ಳೆಯಿಂದ ಕಚ್ಚಿಸಿಕೊಂಡವನು ಹಾಸಿಗೆ ಹಿಡಿದನು. ಇಂತಹ ಪ್ರಯೋಗಗಳಿಗೆ ಒಡಂಬಟ್ಟ ಸ್ಪೇನಿನ ವಲಸೆಗಾರರಿಂದ ಒಪ್ಪಿಗೆಯ ಪತ್ರ ಬರೆಸಿಕೊಂಡು 100 ಡಾಲರು, ಜ್ವರ ಬಂದರೆ ಮತ್ತೂ 100 ಡಾಲರು ಕೊಡಲಾಯಿತು. ಬಡತನವು ಬರೆಸಿದ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆಯೆಂಬ ಪ್ರಶ್ನೆಗೆ ಇತಿಹಾಸಕಾರರು ಇನ್ನೂ ಸಮಾಧಾನಕರವಾದ ಉತ್ತರ ಕೊಟ್ಟಿಲ್ಲ.

ರೋಗಿಯ ರಕ್ತದಿಂದ ಸೊಳ್ಳೆಗೆ ರೋಗ ಸೇರುವುದು ಜ್ವರದ ಮೊದಲ ಕೆಲವು ದಿನಗಳಲ್ಲಿ ಮಾತ್ರ. ಸೊಳ್ಳೆಯ ಕರುಳನ್ನು ದಾಟಿ ವೈರಸ್ಸು ಜೊಲ್ಲಿನ ಗ್ರಂಥಿಗಳನ್ನು ಸೇರಲು ಸುಮಾರು 12 ದಿನ ಬೇಕು. ಫಿನ್ಲೇಯ ಸೊಳ್ಳೆಗಳಿಗೆ ಈ ಅವಧಿ ಸಿಕ್ಕಿರಲಿಲ್ಲ. ಇಷ್ಟು ತಿಳಿದ ಮೇಲೆ ವಿಲಿಯಂ ಗೋರ್ಗಸನು 1901ರಲ್ಲಿ ರೋಗಿಗಳನ್ನು ಪರದೆಯೊಳಗಿರಿಸಿ, ಮನೆಮನೆಯ ನೀರಿನ ತೊಟ್ಟಿಗಳನ್ನು ಮುಚ್ಚಿಸಿದನು. ವರ್ಷ ಮುಗಿಯುವುದರೊಳಗೆ ಹವಾನಾದಲ್ಲಿ ಜ್ವರ ಕಾಣದಾಯಿತು. ಮ್ಯಾಕ್ಸ್ ಥೈಲರನ ಲಸಿಕೆ ಬಂದುದು 1937ರಲ್ಲಿ.

ಭಾರತದಲ್ಲಿ ಪೀತಜ್ವರ ಇದುವರೆಗೆ ಬೇರೂರಿಲ್ಲ. ಆದರೆ ಅದನ್ನು ಹೊರಬಲ್ಲ ಸೊಳ್ಳೆ ಮುಂಬಯಿ, ಚೆನ್ನೈ, ಬೆಂಗಳೂರುಗಳ ನೀರಿನ ಡ್ರಮ್ಮುಗಳಲ್ಲಿ ಬೆಳೆದು ಡೆಂಗಿಯನ್ನು ಹರಡುತ್ತಲೇ ಇದೆ. ಆದುದರಿಂದಲೇ ಪೀತಜ್ವರವಿರುವ ನಾಡುಗಳಿಂದ ಲಸಿಕೆಯ ಪತ್ರವಿಲ್ಲದೆ ಬಂದಿಳಿಯುವವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿರಿಸುವ ನಿಯಮ ಇಲ್ಲಿದೆ. ಸೊಳ್ಳೆ ಕಚ್ಚಿದ ಮನುಷ್ಯನಲ್ಲಿ ಜ್ವರ ತಲೆದೋರಲು ಹಿಡಿಯುವ ಕಾಲ 3ರಿಂದ 6 ದಿನ.