ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ

ಕೆರೆ, ಕೊಳ, ಹೊಂಡಗಳ ಮೀನುಸಾಕಣೆಗೆ ಸಂಬಂಧಿಸಿದ ಸಂಶೋಧನೆ ಮತ್ತು ತರಬೇತಿಗೆ ಮೀಸಲಾದ ರಾಷ್ಟ್ರೀಯ ಸಂಸ್ಥೆ. ಒಡಿಶಾದ ರಾಜಧಾನಿ ಭುವನೇಶ್ವರದ ಬಳಿಯ ಕೌಸಲ್ಯಾಗಂಗದಲ್ಲಿದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಧೀನದಲ್ಲಿದ್ದು, ಸೀಫಾ ಎಂಬ ಹ್ರಸ್ವನಾಮದಿಂದ ಪರಿಚಿತವಾಗಿದೆ.

1947ರಲ್ಲಿ ಕಲ್ಕತ್ತದಲ್ಲಿ ಆರಂಭವಾದ ಒಳನಾಡು ಮೀನುಗಾರಿಕೆ ಸಂಶೋಧನ ಕೇಂದ್ರವು ಮುಂದೆ ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನ ಸಂಸ್ಥೆಯಾಗಿ ಬೆಳೆಯಿತು. ಕೆರೆಕೊಳಗಳ ಸದುಪಯೋಗಕ್ಕೆ ದಾರಿ ಹುಡುಕಲು 1949ರಲ್ಲಿ ಕಟಕ್‌ನಲ್ಲಿ ಸ್ಥಾಪಿಸಿದ ಅದರ ಕೊಳಸಾಕಣೆ ವಿಭಾಗವೇ ಸೀಫಾದ ಮೂಲ.

ಆಗ ಮುಖ್ಯ ತೊಡಕಾಗಿದ್ದುದು ಮೀನುಮರಿಗಳ ಪೂರೈಕೆ. ಕಟ್ಲಾ, ರೋಹು, ಮೃಗಾಲ್ ಗೆಂಡೆಗಳು ಮುಂಗಾರಿನ ನೆರೆ ಬಂದ ನದಿಗಳಲ್ಲಿ ಮೊಟ್ಟೆಯಿಡುತ್ತವೆಯೇ ಹೊರತು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. ನದಿಯಲ್ಲಿ ಹಿಡಿದ ಮರಿಗಳಲ್ಲಿ ಬೇಡದ ಜಾತಿಗಳೂ ಬೆರೆತಿರುತ್ತಿದ್ದವು. ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಅವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಬಲಿತ ಗೆಂಡೆಗಳಿಗೆ ಚುಚ್ಚಿ, 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಅವು ಮೊಟ್ಟೆಯಿಡುವಂತೆ ಮಾಡಿದರು. ಪ್ರೇರಿತ ಸಂತಾನೋತ್ಪತ್ತಿ ಎಂಬ ಈ ವಿಧಾನದಿಂದ ಶುದ್ಧ ಜಾತಿಯ ಮರಿಗಳನ್ನು ಸಾಕಣೆ ಕೇಂದ್ರದಲ್ಲಿಯೇ ಪಡೆಯಲು ಸಾಧ್ಯವಾಯಿತು. ಜುಲೈ 10 ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನ.

1959ರಲ್ಲಿ ಜಪಾನಿನಿಂದ ಬೆಳ್ಳಿ ಗೆಂಡೆಯನ್ನೂ ಹಾಂಗ್‌ಕಾಂಗ್‌ನಿಂದ ಹುಲ್ಲು ಗೆಂಡೆಯನ್ನೂ ಕಟಕ್‌ಗೆ ತರಲಾಯಿತು. ಇವೆರಡರ ಜೊತೆಗೆ ಸಾಮಾನ್ಯ ಗೆಂಡೆಯನ್ನೂ ಮೂರು ದೇಶೀ ಗೆಂಡೆಗಳೊಂದಿಗೆ ಬೆಳೆಸುವ ಮಿಶ್ರ ಮೀನುಸಾಕಣೆಯ ಅಖಿಲ ಭಾರತ ಯೋಜನೆ 1971ರಲ್ಲಿ ಆರಂಭವಾಯಿತು. ಮೇಲ್ಪದರದಲ್ಲಿ ಕಟ್ಲಾ ಮತ್ತು ಬೆಳ್ಳಿ ಗೆಂಡೆ, ನಡುವೆ ರೋಹು, ತಳದಲ್ಲಿ ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಮೇಯುತ್ತವೆ. ಹುಲ್ಲು ಗೆಂಡೆಗೆ ಜಲಸಸ್ಯಗಳೇ ಆಹಾರ. ಹೀಗಾಗಿ ಕೊಳದಲ್ಲಿನ ಎಲ್ಲ ಬಗೆಯ ಆಹಾರವೂ ಬಳಕೆಯಾಗುತ್ತದೆ.

ಕಟಕ್‌ನ ವಿಭಾಗವು 1976ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಹಾಗೂ ಆಹಾರ ಮತ್ತು ಕೃಷಿ ಸಂಘಟನೆಯ ನೆರವಿನಿಂದ ಭುವನೇಶ್ವರದಲ್ಲಿ ಸಿಹಿನೀರು ಜಲಕೃಷಿ ಸಂಶೋಧನ ಮತ್ತು ತರಬೇತಿ ಕೇಂದ್ರವಾಯಿತು. ಮೀನುಗಾರಿಕೆ ಸಂಶೋಧನ ಸಂಸ್ಥೆಗಳ ಪುನರ್ರಚನೆಯಲ್ಲಿ ಇದಕ್ಕೆ ಸ್ವತಂತ್ರ ಸ್ಥಾನ ದೊರೆತು, 1987ರ ಏಪ್ರಿಲ್ 1ರಿಂದ ಈಗಿನ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು.

ಬಳಿಕ ಸಂಶೋಧನೆ ತಳಿಸುಧಾರಣೆಯತ್ತ ಹೊರಳಿತು. ನಾರ್ವೆಯ ಸಹಯೋಗದಲ್ಲಿ ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರ ನದಿಗಳ ರೋಹುಗಳನ್ನೂ ಸಾಕಣೆಯ ರೋಹುಗಳನ್ನೂ ಆಧಾರವಾಗಿಟ್ಟುಕೊಂಡು ಬೇಗ ಬೆಳೆಯುವ ತಳಿಯನ್ನು ರೂಪಿಸಲಾಯಿತು. ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ವರ್ಷವಾದ 1997ರಲ್ಲಿ ಬಿಡುಗಡೆಯಾದ ಈ ತಳಿಗೆ ಜಯಂತಿ ರೋಹು ಎಂದು ಹೆಸರು. ಸಿಹಿನೀರು ಸಿಗಡಿ, ಬೆಕ್ಕುಮೀನು, ಅಲಂಕಾರಿಕ ಮೀನು, ಸಿಹಿನೀರು ಮುತ್ತುಕೃಷಿ, ಮೀನಿನ ಆಹಾರ ಮತ್ತು ರೋಗಗಳೂ ಸಂಸ್ಥೆಯ ಅಧ್ಯಯನ ವಿಷಯಗಳು. ಸಣ್ಣ ರೈತರಿಗೆಂದು ರೂಪಿಸಿದ, ಸಾಗಿಸಬಲ್ಲ ಫೈಬರ್ ಮರಿ ಉತ್ಪಾದನಾ ಘಟಕ ಅದರ ಇನ್ನೊಂದು ಕೊಡುಗೆ.

ಪಶ್ಚಿಮ ಬಂಗಾಳದ ರಹರಾ, ಆಂಧ್ರಪ್ರದೇಶದ ವಿಜಯವಾಡ, ಪಂಜಾಬಿನ ಬಠಿಂಡಾಗಳಲ್ಲಿ ಸಂಸ್ಥೆಯ ಪ್ರಾದೇಶಿಕ ಕೇಂದ್ರಗಳಿವೆ. ಕರ್ನಾಟಕದಲ್ಲಿನ ಕೇಂದ್ರ ಬೆಂಗಳೂರಿನ ಹೆಸರಘಟ್ಟದಲ್ಲಿದೆ.