ಮಣೆಯ ಆಚೆ ಕುಳಿತವರು

ಚದುರಂಗ ಇಬ್ಬರ ಆಟ. ಆ ಇನ್ನೊಬ್ಬರು ಬೇಕೆಂದಾಗ ಸಿಕ್ಕುವುದಿಲ್ಲ, ಸಿಕ್ಕಿದವರು ನಮಗಿಂತ ಬಲ್ಲವರಾಗಿರುವುದಿಲ್ಲ, ಬಲ್ಲವರಿಗೆ ಬಿಡುವಿರುವುದಿಲ್ಲ. ದಣಿಯದೆ, ಬೇಸರಪಡದೆ, ಕರೆದಾಗಲೆಲ್ಲ ಬಂದು ಕೂರುವ ಎದುರಾಳಿಯೊಬ್ಬನಿದ್ದರೆ ಎಂಬ ಹಂಬಲ ಈ ಆಟದ ಅಭ್ಯಾಸಿಗಳಲ್ಲಿ ಬಹಳ ಹಳೆಯದು. ಇಂದು ಅದು ಈಡೇರಿದೆ. ಜಗಜ್ಜೇತರನ್ನು ಸೋಲಿಸಬಲ್ಲ ಯಂತ್ರ ಈಗ ಕಿಸೆಯೊಳಗಿನ ದೂರವಾಣಿಯಲ್ಲಿಯೇ ಅಡಗಿದೆ. ಹೀಗಿರುವಾಗ ಮನುಷ್ಯರೊಡನೆ ಆಡಿ ಕಲಿಯುವ ಅಗತ್ಯವಾದರೂ ಏನು? ಪ್ರಶ್ನೆ ಹೊಸದಾಗಿ ಕಾಣುತ್ತದೆ, ಅದರ ಹಿಂದಿನ ಕಥೆ ಮಾತ್ರ ಇನ್ನೂರೈವತ್ತು ವರ್ಷಗಳಷ್ಟು ಉದ್ದವಾಗಿದೆ.

1770ರಲ್ಲಿ ವಿಯೆನ್ನಾದ ಮಹಾರಾಣಿ ಮಾರಿಯಾ ಥೆರೇಸಾಳ ಆಸ್ಥಾನದಲ್ಲಿ ಕೆಂಪೆಲೆನ್ ಎಂಬ ಅಧಿಕಾರಿ ಒಂದು ಬೊಂಬೆಯನ್ನು ಪ್ರದರ್ಶಿಸಿದ. ತುರ್ಕಿಯವನ ಉಡುಪು ತೊಟ್ಟು, ಗಾಲಿಚಕ್ರಗಳಿದ್ದ ದೊಡ್ಡ ಪೆಟ್ಟಿಗೆಯ ಹಿಂದೆ ಕುಳಿತ ಆ ಬೊಂಬೆ ತಾನೇ ಕಾಯಿ ನಡೆಸುತ್ತಿತ್ತು. 1809ರಲ್ಲಿ ನೆಪೋಲಿಯನ್ ಕೂಡ ಅದರೆದುರು ಕುಳಿತು ಆಡಿದ. ಪೆಟ್ಟಿಗೆಯೊಳಗೆ ಮೈ ಮುದುಡಿಕೊಂಡು, ಮೇಣದ ಬತ್ತಿಯ ಬೆಳಕಿನಲ್ಲಿ ಆಟ ನಡೆಸುತ್ತಿದ್ದವನು ನುರಿತ ಆಟಗಾರನೊಬ್ಬ! ಯುರೋಪು ಅಮೆರಿಕಗಳನ್ನು ಸುತ್ತಿದ ಈ ಬೊಂಬೆ 1854ರಲ್ಲಿ ಫಿಲಡೆಲ್ಫಿಯಾದ ಬೆಂಕಿಯೊಂದರಲ್ಲಿ ಸುಟ್ಟುಹೋಯಿತು.

ಅಲ್ಲಿ ಯಂತ್ರದ ವೇಷ ತೊಟ್ಟ ಮನುಷ್ಯನಿದ್ದರೆ, 1952ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ಸ್ವತಃ ಯಂತ್ರವಾಗಿ ಕುಳಿತರು. ಚದುರಂಗವಾಡುವ ಕ್ರಮವಿಧಿಯೊಂದನ್ನು ಅವರು ರಚಿಸಿದ್ದರು. ಅದನ್ನು ನಡೆಸಬಲ್ಲ ಗಣಕ ಕೈಗೆ ಸಿಕ್ಕಿರಲಿಲ್ಲ. ಕಾಗದ ಪೆನ್ಸಿಲು ಹಿಡಿದು ತಾವೇ ಲೆಕ್ಕ ಹಾಕುತ್ತ, ಒಂದೊಂದು ನಡೆಗೆ ಸುಮಾರು ಅರ್ಧ ಗಂಟೆ ಕಳೆದು, ಸಹೋದ್ಯೋಗಿ ಅಲಿಕ್ ಗ್ಲೆನಿಯವರೊಡನೆ ಆಡಿದರು. ಕಾಗದದ ಯಂತ್ರ ಸೋತಿತು.

ಇವೆಲ್ಲ ಕುತೂಹಲದ ಸಂಗತಿಗಳು. ಆದರೆ ಎದುರಾಳಿಯಿಂದ ಕಲಿಯಬೇಕಾದುದೇನು ಎಂಬುದನ್ನು ಸೋವಿಯತ್ ರಷ್ಯದ ಮಿಖಾಯಿಲ್ ಬೋಟ್ವಿನ್ನಿಕರಷ್ಟು ಶ್ರದ್ಧೆಯಿಂದ ಯೋಚಿಸಿದವರು ವಿರಳ. 1948ರಲ್ಲಿ ಜಗಜ್ಜೇತರಾದ, ವೃತ್ತಿಯಿಂದ ವಿದ್ಯುತ್ ಎಂಜಿನಿಯರಾಗಿದ್ದ ಇವರು, ಗೆಳೆಯ ರಗೋಜಿನ್‌ರೊಡನೆ ಗುಟ್ಟಾಗಿ ಅಭ್ಯಾಸದ ಪಂದ್ಯಗಳನ್ನಾಡುತ್ತಿದ್ದರು. ಆಗ ಪಂದ್ಯದ ಸಭಾಂಗಣಗಳಲ್ಲಿ ಧೂಮಪಾನಕ್ಕೆ ತಡೆಯಿರಲಿಲ್ಲ. ಬೋಟ್ವಿನ್ನಿಕರಿಗೋ ಹೊಗೆ ಎಂದರೆ ಆಗದು. ಆದ್ದರಿಂದಲೇ ಗೆಳೆಯನಿಗೆ ಸಿಗರೇಟು ಹಚ್ಚಿ ಹೊಗೆಯನ್ನು ತಮ್ಮ ಮುಖಕ್ಕೇ ಬಿಡುವಂತೆ ಹೇಳಿದರು! ಪಕ್ಕದಲ್ಲಿ ರೇಡಿಯೋ ಗಟ್ಟಿಯಾಗಿ ಒದರುತ್ತಿರಬೇಕು. ಸಮಯದ ಅಭಾವದಲ್ಲಿ ಕಂಗೆಡುವವರಿಗೂ ಅವರದೊಂದು ಔಷಧಿಯುಂಟು: ಅಭ್ಯಾಸದ ಆಟದಲ್ಲಿ ಸೋಲು ಗೆಲುವುಗಳನ್ನು ಮರೆತು ಗಡಿಯಾರವನ್ನಷ್ಟೇ ಗಮನಿಸಿ ಆಡಬೇಕು. ಮಣೆಯ ಮೇಲಿನ ಸತ್ಯವನ್ನು ಒಬ್ಬಂಟಿಯಾಗಿಯೂ ಹುಡುಕಬಹುದು. ಆಡುವವನ ನರಗಳನ್ನು ಪಳಗಿಸಲು ಎದುರಿಗೆ ಉಸಿರಾಡುವ ಜೀವವೇ ಬೇಕೆಂದು ಅವರು ಬಗೆದಂತಿದೆ.

ಇದೇ ಬೋಟ್ವಿನ್ನಿಕರು ಇಳಿವಯಸ್ಸನ್ನು 'ಪಯೊನೀರ್' ಎಂಬ ಚದುರಂಗದ ಗಣಕಕ್ರಮವೊಂದಕ್ಕೆ ಧಾರೆಯೆರೆದದ್ದು ವಿಚಿತ್ರವಾದರೂ ನಿಜ. ಕಂಡ ನಡೆಗಳನ್ನೆಲ್ಲ ಎಣಿಸುತ್ತ ಹೋಗದೆ, ಬಲ್ಲ ಆಟಗಾರನಂತೆ ಕೆಲವನ್ನೇ ಆಯ್ದು ಯೋಜನೆ ಹೂಡುವ ಯಂತ್ರ ಅವರ ಕನಸು. ಅದು ಪೂರ್ಣ ಪಂದ್ಯವೊಂದನ್ನು ಆಡುವ ಮಟ್ಟಕ್ಕೆ ಬೆಳೆಯಲೇ ಇಲ್ಲ. ಗೆದ್ದದ್ದು ಎಣಿಸುವ ಯಂತ್ರ.

ಹತ್ತು ವರ್ಷಗಳಲ್ಲಿ ಯಾವ ಗಣಕವೂ ತನ್ನನ್ನು ಸೋಲಿಸದೆಂದು 1968ರಲ್ಲಿ ಪಂಥ ಕಟ್ಟಿದ್ದ ಡೇವಿಡ್ ಲೆವಿ, 1978ರಲ್ಲಿ ಟೊರೊಂಟೊದಲ್ಲಿ ಅದನ್ನು ಗೆದ್ದರು. ಏನನ್ನೂ ಮಾಡದಿರುವುದು, ಆದರೆ ಅದನ್ನು ಚೆನ್ನಾಗಿ ಮಾಡುವುದು, ಇದೇ ಅವರ ಉಪಾಯ. ಯಂತ್ರಕ್ಕೆ ದೂರದ ಯೋಜನೆ ತಿಳಿಯದೆಂದು ಅರಿತು, ನಿಧಾನವಾಗಿ ಕಾದು ಆಡಿದರು. ಒಂದು ಆಟದಲ್ಲಿ ಮಾತ್ರ ಹುರುಪೆದ್ದು ಮುನ್ನುಗ್ಗಿದರು, ಅದನ್ನೇ ಸೋತರು. ಯಂತ್ರದೊಡನೆ ಆಡಲು ಕಲಿಯುವುದೂ ಚದುರಂಗ ಕಲಿಯುವುದೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆಮೇಲಿನದು ವೇಗದ ಕಥೆ. 1985ರಲ್ಲಿ ಹ್ಯಾಂಬರ್ಗಿನಲ್ಲಿ ಗ್ಯಾರಿ ಕಾಸ್ಪರೋವ್ 32 ಗಣಕಗಳೆದುರು ಏಕಕಾಲಕ್ಕೆ ಆಡಿ ಮೂವತ್ತೆರಡನ್ನೂ ಸೋಲಿಸಿದರು. 1996ರಲ್ಲಿ, ಹಿಂದೆ ಆ ಬೊಂಬೆ ಸುಟ್ಟುಹೋದ ಫಿಲಡೆಲ್ಫಿಯಾದಲ್ಲಿಯೇ, ಡೀಪ್ ಬ್ಲೂ ಎಂಬ ಗಣಕ ಅವರಿಂದ ಒಂದು ಆಟ ಗೆದ್ದು ಪಂದ್ಯ ಸೋತಿತು. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಪಂದ್ಯವನ್ನೇ ಗೆದ್ದಿತು. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುವ ಎದುರಾಳಿಯ ಮುಂದೆ ಹೊಗೆಗೇನು ಬೆಲೆ? ಯಂತ್ರ ಅಲ್ಲಿಂದ ಮುಂದೆ ಎದುರಾಳಿಯ ಸ್ಥಾನವನ್ನು ಬಿಟ್ಟು ಗುರುವಿನ ಪೀಠವೇರಿತು. ಆಟಗಾರರು ಅದರೊಡನೆ ಸೆಣಸುವುದಕ್ಕಿಂತ ಅದನ್ನು ಕೇಳಿ ತಿಳಿಯುವುದೇ ಹೆಚ್ಚಾಯಿತು. ತಪ್ಪು ಕೂಡಲೇ ತೋರುತ್ತದೆ. ತಪ್ಪಿದ್ದೇಕೆಂದು ತಾನೇ ತಲೆಕೆಡಿಸಿಕೊಳ್ಳುವ ಕಷ್ಟ ತಪ್ಪುತ್ತದೆ. ಈ ಅನುಕೂಲದಲ್ಲಿಯೇ ಅಪಾಯವಿದೆಯೆಂದು ನನ್ನ ಎಣಿಕೆ.

ಹಾಗೆ ಎಣಿಸಿದವರಲ್ಲಿ ಚೆನ್ನೈನ ಗ್ರ್ಯಾಂಡ್‌ಮಾಸ್ಟರ್ ವಿಷ್ಣು ಪ್ರಸನ್ನ ಒಬ್ಬರು. ತಮ್ಮ ಶಿಷ್ಯ ಗುಕೇಶನನ್ನು ಆರಂಭದ ವರ್ಷಗಳಲ್ಲಿ ಅವರು ಗಣಕದಿಂದ ದೂರವಿಟ್ಟರು. ಹುಡುಗ ತನ್ನ ತಲೆಯಲ್ಲಿಯೇ ಲೆಕ್ಕ ಹಾಕಬೇಕು, ಎಡವಬೇಕು. ಮುಂದೆ ಅವನಿಗೂ ಯಂತ್ರದ ನೆರವು ಬಂದಿತೆನ್ನಿ. ಇಂದು ಅದಿಲ್ಲದೆ ಆ ಎತ್ತರದಲ್ಲಿ ಯಾರೂ ನಿಲ್ಲಲಾರರು.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಜಗಜ್ಜೇತ ಚೀನದ ಡಿಂಗ್ ಲಿರೆನ್ ಮತ್ತು ಹದಿನೆಂಟರ ಗುಕೇಶ್ ಹದಿನಾಲ್ಕನೆಯ, ಅಂದರೆ ಕೊನೆಯ ಆಟಕ್ಕೆ ಕುಳಿತಿದ್ದರು. ಅಂಕಗಳು ಸಮ. ಮಣೆಯ ಮೇಲೆ ಕಾಯಿಗಳು ಕರಗಿದ್ದವು. ಗುಕೇಶರಿಗೆ ಕಾಲಾಳೊಂದು ಹೆಚ್ಚಿದ್ದರೂ ಆಟ ಡ್ರಾ ಎಂದೇ ಗಣಕಗಳು ಸಾರುತ್ತಿದ್ದವು. ಎರಡು ಯಂತ್ರಗಳಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗುಕೇಶ್ ಬಿಡಲಿಲ್ಲ, ಗಂಟೆಗಟ್ಟಲೆ ಒತ್ತುತ್ತಲೇ ಇದ್ದರು. 55ನೆಯ ನಡೆಯಲ್ಲಿ ದಣಿದ ಡಿಂಗ್ ತಮ್ಮ ಆನೆಯನ್ನು ಇಡಬಾರದ ಮನೆಯಲ್ಲಿಟ್ಟರು. ಆನೆಗಳು ವಿನಿಮಯವಾದವು, ಬಿಷಪ್‌ಗಳೂ ಹೋದವು, ಉಳಿದ ಕಾಲಾಳಿನ ಆಟ ಗುಕೇಶರ ಪಾಲಿನದಾಯಿತು. ಡಿಂಗ್ ಸೋಲೊಪ್ಪಿ ಕೈಕುಲುಕಿ ಎದ್ದುಹೋದ ಮೇಲೆ, ಹೊಸ ಜಗಜ್ಜೇತ ಕಣ್ಣೀರು ಸುರಿಸುತ್ತಲೇ ಎರಡೂ ಕಡೆಯ ಕಾಯಿಗಳನ್ನು ಒಂದೊಂದಾಗಿ ಮೊದಲಿನ ಮನೆಗಳಲ್ಲಿ ಜೋಡಿಸಿಟ್ಟರು.