ಮುಖ್ಯಸೇವಿಕೆಯ ಕೆಲಸ

ನಾನು ಎಂಬತ್ತರ ದಶಕದಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿ ಸೇರಿದಾಗ ಹಳೆಯ ಗುಮಾಸ್ತರು ನಮ್ಮನ್ನು ಇನ್ನೂ ಮುಖ್ಯಸೇವಿಕೆ ಎಂದೇ ಕರೆಯುತ್ತಿದ್ದರು. ಈ ಹುದ್ದೆ ಅಂಗನವಾಡಿಗಿಂತ ಹಳೆಯದು. 1952ರ ಅಕ್ಟೋಬರ್ 2ರಂದು ಶುರುವಾದ ಸಮುದಾಯ ಅಭಿವೃದ್ಧಿ ಯೋಜನೆಯಲ್ಲಿ ಬ್ಲಾಕಿಗೊಬ್ಬ ಮುಖ್ಯಸೇವಿಕೆ, ಅವಳ ಕೆಳಗೆ ಇಬ್ಬರು ಗ್ರಾಮಸೇವಿಕೆಯರು. ಮಹಿಳಾ ಮಂಡಳಿ ಕಟ್ಟುವುದು, ಹೊಲಿಗೆ ಕಲಿಸುವುದು, ಬಾಲವಾಡಿ ನಡೆಸುವುದು ಅವರ ಪಾಲಿಗೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಬಂತು. ನಮ್ಮ ರಾಜ್ಯದಲ್ಲಿ ಅದು ಕಾಲಿಟ್ಟದ್ದು ಟಿ. ನರಸೀಪುರದಲ್ಲಿ. (ನಮ್ಮ ಯೋಜನೆಗಳಿಗೆ ಗಾಂಧಿ ಜಯಂತಿ ಬಿಟ್ಟು ಬೇರೆ ಮುಹೂರ್ತವೇ ಸಿಗುವುದಿಲ್ಲ.) ಆಗ ಹಳ್ಳಿ ಕಡೆ ಯೋಜನೆಯ 20 ಅಂಗನವಾಡಿ ಕೇಂದ್ರಕ್ಕೆ ಒಬ್ಬ ಮೇಲ್ವಿಚಾರಕಿ, ಗಿರಿಜನ ಪ್ರದೇಶದಲ್ಲಿ 17ಕ್ಕೆ, ಪಟ್ಟಣದಲ್ಲಿ 25ಕ್ಕೆ. ಅಷ್ಟು ಕೇಂದ್ರ ಸೇರಿದರೆ ಅವಳ ವೃತ್ತ.

ನಮ್ಮ ಕೆಲಸದ ಸ್ವರೂಪವನ್ನು ತೀರ್ಮಾನಿಸಿದ್ದು ಆ ಲೆಕ್ಕಕ್ಕಿಂತ ಹೆಚ್ಚಾಗಿ ನಮ್ಮ ಕೆಳಗಿನ ಕಾರ್ಯಕರ್ತೆಯರ ಸಂಬಳದ ಲೆಕ್ಕ. ಮೊದಮೊದಲು ಮೆಟ್ರಿಕ್ ಪಾಸಾದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಆಗದವಳಿಗೆ 100, ಸಹಾಯಕಿಗೆ 35. ಅದೂ ಸಂಬಳವಲ್ಲ, ಗೌರವಧನ. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಇವರದು ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಗ್ರಾಚ್ಯುಟಿಗೆ ಹಕ್ಕಿದೆ ಎಂದು ಅದೇ ಕೋರ್ಟ್ ಹೇಳಲು 2022 ಬರಬೇಕಾಯಿತು. ಬಡ್ತಿಯ ಆಸೆ ತೋರಿಸಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಹೆದರಿಸಲು ಮಾತ್ರ ತಪಾಸಣೆ ಪುಸ್ತಕವಿತ್ತು.

ಕೆಲವರು ಅದನ್ನೇ ನೆಚ್ಚಿಕೊಂಡರು. ಬಸ್ಸಿಳಿದು ಬಂದವರೇ ಹಾಜರಿ ನೋಡಿ, ಕೆಂಪು ಶಾಯಿಯಲ್ಲಿ ಷರಾ ಬರೆದು ಮುಂದಿನ ಬಸ್ಸಿಗೆ ಹೊರಡುವರು. ಅಂಥವರ ವೃತ್ತದಲ್ಲಿ ಮಕ್ಕಳೆಲ್ಲ ತಿಂಗಳಿಗೆ ಸರಿಯಾಗಿ ಇನ್ನೂರು ಗ್ರಾಂ ಬೆಳೆಯುತ್ತಿದ್ದರು! ತೂಕ ಹಾಕದೆ ಮನೆಯಲ್ಲೇ ಕೂತು ಬರೆದ ತೂಕ ಅದು. ಅದನ್ನು ಬರೆದ ಕಾರ್ಯಕರ್ತೆಯನ್ನು ಬೈಯಲು ನನಗೆ ಯಾವತ್ತೂ ಬಾಯಿ ಬರಲಿಲ್ಲ. ಖಾಲಿ ಅಂಕಣ ಕಂಡರೆ ಷರಾ ಬೀಳುತ್ತಿತ್ತಲ್ಲ.

ನನಗೆ ಕೆಲಸ ಕಲಿಸಿದ ಹಿರಿಯ ಮೇಲ್ವಿಚಾರಕಿಯೊಬ್ಬರ ರೀತಿಯೇ ಬೇರೆ. "ಬುಕ್ಕು ಆಮೇಲೆ ನೋಡಣ ಕಣಮ್ಮ, ಒಲೆ ಹತ್ತಿದೆಯಾ?" ಎನ್ನುತ್ತಾ ಸಹಾಯಕಿಯ ಪಕ್ಕ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುವರು. ಮೊರ ಕೆಳಗಿಡುವಷ್ಟರಲ್ಲಿ ಯಾವ ಮನೆಯ ಮಗು ಬರುತ್ತಿಲ್ಲ, ಯಾರ ಎದೆಹಾಲು ಬತ್ತಿದೆ ಎಲ್ಲ ಗೊತ್ತಾಗುತ್ತಿತ್ತು. ಸಾಲ್ಟರ್ ತಕ್ಕಡಿಯನ್ನು ತೊಲೆಗೆ ಕಟ್ಟಿ, ಮುಳ್ಳು ಸೊನ್ನೆಗೆ ತಂದು, ಮೊದಲ ಮಗುವನ್ನು ತಾವೇ ತೂಗುವರು. ಎರಡನೆಯದನ್ನು ಕಾರ್ಯಕರ್ತೆ ತೂಗಬೇಕು. ಬೆಳವಣಿಗೆ ಪಟ್ಟಿಯ ಗೆರೆ ಮೇಲೇರದೆ ಅಡ್ಡಕ್ಕೆ ಮಲಗಿದರೆ, ಮಗು ಬಡಕಲಾಗಿ ಕಾಣುವ ಮುಂಚೆಯೇ ಎಚ್ಚರವಾಗಬೇಕು ಎಂಬುದನ್ನು ನಾನು ತರಬೇತಿಯಲ್ಲಲ್ಲ, ಆ ತೊಲೆಯ ಕೆಳಗೆ ಕಲಿತೆ. ಸರ್ಕಲ್ ಮೀಟಿಂಗಿನಲ್ಲೂ ಅವರು ತಾವು ಮಾತಾಡುತ್ತಿದ್ದುದು ಕಡಿಮೆ. ಕಷ್ಟದ ಊರಿನ ಕಾರ್ಯಕರ್ತೆಗೆ ಮೊದಲ ಸರದಿ, ಉತ್ತರ ಉಳಿದವರಿಂದ.

2017ರ ಅಕ್ಟೋಬರ್ 2ಕ್ಕೆ (ಮತ್ತೆ!) ಮಾತೃಪೂರ್ಣ ಬಂತು. ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕು. ಆದೇಶವೇನೋ ಮೇಲಿನಿಂದ ಇಳಿಯಿತು. ಕೂಲಿ ಬಿಟ್ಟು, ಇನ್ನೊಂದು ಕೇರಿ ದಾಟಿ, ಯಾರೋ ಮಾಡಿದ ಅಡುಗೆ ಉಣ್ಣಲು ಸೊಸೆ ಹೊರಟರೆ ಮನೆಯಲ್ಲಿ ಒಪ್ಪಬೇಕಲ್ಲ. ನನ್ನ ವೃತ್ತದ ಒಬ್ಬ ಕಾರ್ಯಕರ್ತೆ ಸೊಸೆಯರನ್ನು ಕರೆಯುವುದನ್ನೇ ಬಿಟ್ಟು ಅತ್ತೆಯರನ್ನು ಊಟಕ್ಕೆ ಕೂರಿಸಿದಳು. ಮರುವಾರದಿಂದ ಸೊಸೆಯರು ಬರತೊಡಗಿದರು. "ಮೇಡಂ, ಅತ್ತೇರ ಊಟ ಯಾವ ಕಾಲಮ್ಮಲ್ಲಿ ಬರೀಲಿ?" ಎಂದು ಫೋನ್ ಮಾಡಿದಳು. ಬರೆಯಬೇಡ, ಅಕ್ಕಿ ಬೇಳೆ ದುಡ್ಡು ನಾನು ಕೊಡ್ತೀನಿ ಅಂದೆ.